ಬಂಡೆಮ್ಮನ ಸೋಮವಾರ

ಕೆಂಚಕುಂಟಾ ಊರಿನ ಪಡುವಣಕ್ಕೆ, ಕೆಮ್ಮಣ್ಣಿನ ದಿನ್ನೆ ಇಳಿದು ಹೊಲಗಳು ಶುರುವಾಗುವ ಕಡೆ, ನೀರಿಲ್ಲದ ಒಂದು ಕಾಲುವೆ ಇದೆ. ಕಾಲುವೆಯ ಕೊನೆಗೆ ಚಾವಣಿ ಹೋಗಿ ಗೋಡೆ ಮಾತ್ರ ಉಳಿದ ಕಲ್ಲಿನ ಮನೆಯೊಂದಿದೆ. ಒಳಗೆ ಇಣುಕಿದರೆ ಎರಡು ದೊಡ್ಡ ಬೀಸುವ ಕಲ್ಲುಗಳು ಕಾಣುತ್ತವೆ. ಮೇಲಿನ ಕಲ್ಲು ಓರೆಯಾಗಿ ಬಿದ್ದು, ಅಂಚಿನಿಂದ ನಡುವಿನ ತನಕ ಸೀಳಿದೆ. ಈ ಜಾಗಕ್ಕೆ ಬಂಡೆಮ್ಮನ ಸೋಮವಾರ ಎಂದು ಹೆಸರು. ಗುಡ್ಡಕ್ಕೆ, ಕೆರೆಗೆ, ಬಾವಿಗೆ ಹೆಂಗಸರ ಹೆಸರಿರುವುದು ಹೊಸತಲ್ಲ. ಆದರೆ ಒಂದು ಜಾಗ ವಾರದ ಹೆಸರನ್ನು ಹೊತ್ತು ನಿಂತಿರುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಮೂವತ್ತೊಂದು ವರ್ಷ ಈ ಸುತ್ತಿನ ಹದಿನಾಲ್ಕು ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಟಪಾಲು ಹಂಚಿದವನು ನಾನು. ಪಟ್ಟಣದ ಕಚೇರಿಗೆ ಹೊಸದಾಗಿ ಬಂದ ಗುಮಾಸ್ತರೊಬ್ಬರು ‘ಬಂಡೆಮ್ಮನ ಸೋಮವಾರದ ಹತ್ತಿರ’ ಎಂಬ ವಿಳಾಸ ನೋಡಿ, ಆ ಕಾಗದವನ್ನು ಸೋಮವಾರವೇ ಮುಟ್ಟಿಸಬೇಕೆಂದು ತಿಳಿದು ನಾಲ್ಕು ದಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಅವರಿಗೆ ಈ ಕಥೆ ಹೇಳುವಷ್ಟರಲ್ಲಿ ನನ್ನ ಚಹಾ ಆರಿಹೋಯಿತು. ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿ ನೋಯುವುದಕ್ಕಿಂತ ಒಮ್ಮೆ ಬರೆದಿಡುವುದು ಲೇಸೆಂದು ಈಗ ಕೂತಿದ್ದೇನೆ. ಕೂತಿದ್ದೇನೆ ಎಂದದ್ದು ಮಾತಿಗಷ್ಟೇ. ನಡೆದು ರೂಢಿಯಾದ ಕಾಲು ಎರಡು ಸಾಲಿಗೊಮ್ಮೆ ನನ್ನನ್ನು ಎಬ್ಬಿಸಿ ಬಾಗಿಲ ತನಕ ಕರೆದೊಯ್ಯುತ್ತಿದೆ.

ಹಿಂದೆ ಒಮ್ಮೆ, ಪಟ್ಟಣದ ಕೋಟೆಯಲ್ಲಿ ಇನ್ನೂ ನಗಾರಿ ಬಾರಿಸುತ್ತಿದ್ದ ಕಾಲದಲ್ಲಿ, ದೂರದ ದೇಶದಿಂದ ಒಬ್ಬ ಬಡಗಿ ಇಲ್ಲಿಗೆ ಬಂದನಂತೆ. ಅವನ ಹೆಸರು ಯಾರಿಗೂ ನೆನಪಿಲ್ಲ, ಚಕ್ಕಿ ಸಾಹೇಬ ಎಂದೇ ಕರೆಯುತ್ತಾರೆ; ಚಕ್ಕಿ ಎಂದರೆ ನಮ್ಮ ಕಡೆ ಹಿಟ್ಟು ಬೀಸುವ ಗಿರಣಿ. ದಿನ್ನೆಯ ಹೊಟ್ಟೆಯಿಂದ ಬೇಸಿಗೆಯಲ್ಲೂ ಬತ್ತದೆ ಬೀಳುತ್ತಿದ್ದ ಝರಿಯನ್ನು ನೋಡಿ, ಇಷ್ಟು ನೀರು ಸುಮ್ಮನೆ ಹರಿದು ಹೋಗುವುದು ಪಾಪ ಎಂದು ಅವನು ಅಲ್ಲೇ ಉಳಿದುಬಿಟ್ಟ. ಝರಿಯ ನೀರನ್ನು ದಿನ್ನೆಯ ಮಗ್ಗುಲಲ್ಲಿ ಮೊರಮಿನ ಏರಿ ಕಟ್ಟಿ ತಿರುಗಿಸಿದ. ಏರಿಯ ಕೊನೆಗೆ ಕೊರೆದ ಮರದ ದೋಣಿಯೊಂದನ್ನು ಇಳಿಜಾರಾಗಿ ಇಟ್ಟ. ನೀರು ಅದರೊಳಗೆ ಧುಮ್ಮಿಕ್ಕಿ, ಕೆಳಗಿನ ಗುಂಡಿಯಲ್ಲಿ ಮಲಗಿಸಿದ ಗಾಲಿಯ ರೆಕ್ಕೆಗಳಿಗೆ ಬಡಿಯುತ್ತಿತ್ತು. ಗಾಲಿಯ ನಡುವಿನಿಂದ ಎದ್ದ ಅಚ್ಚು ಕೆಳಗಲ್ಲಿನ ತೂತನ್ನು ಹಾದು ಮೇಲುಗಲ್ಲನ್ನು ಹೊತ್ತು ನಿಂತಿತ್ತು. ಗಾಲಿ ತಿರುಗಿದರೆ ಅಚ್ಚು, ಅಚ್ಚು ತಿರುಗಿದರೆ ಮೇಲುಗಲ್ಲು. ಕೆಳಗಲ್ಲು ಅಲುಗುತ್ತಿರಲಿಲ್ಲ. ಮೇಲೆ ತೂಗುಹಾಕಿದ ಬುಟ್ಟಿಯಲ್ಲಿ ಜೋಳ. ಬುಟ್ಟಿಗೆ ಕಟ್ಟಿದ ಒಂದು ಕೋಲಿನ ತುದಿ ತಿರುಗುವ ಕಲ್ಲಿನ ಮೇಲೆ ಕುಣಿಯುತ್ತ, ಬುಟ್ಟಿಯನ್ನು ನಡುಗಿಸಿ, ನಾಲ್ಕು ನಾಲ್ಕು ಕಾಳು ಉದುರಿಸುತ್ತಿತ್ತು. ಆ ಕೋಲಿನ ಟಕಟಕ ಸದ್ದು ಊರಿಗೆಲ್ಲ ಕೇಳುತ್ತಿತ್ತಂತೆ. ಚೊಚ್ಚಲ ಹಿಟ್ಟು ಉದುರಿದ ದಿನ ಹೆಂಗಸರು ಬಂದು, ಬೆಚ್ಚಗಿನ ಆ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಅತ್ತರು ಎನ್ನುತ್ತಾರೆ. ಕೋಳಿ ಕೂಗುವ ಮೊದಲೇ ಎದ್ದು ಬೀಸಿ ಬೀಸಿ ರಟ್ಟೆ ಬಿದ್ದುಹೋದವರಿಗೆ ಅಳು ಬಾರದೆ ಇನ್ನೇನು ಬಂದೀತು.

ಈ ಯಂತ್ರದ ಜೀವ ಇರುವುದು ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ. ಕಲ್ಲು ಕೂದಲೆಳೆಯಷ್ಟು ಕೆಳಗಿಳಿದರೆ ಕಲ್ಲನ್ನು ಕಲ್ಲೇ ತಿಂದು ಹಿಟ್ಟಿನಲ್ಲಿ ಮರಳು ಬರುತ್ತದೆ. ಅಷ್ಟೇ ಮೇಲೆದ್ದರೆ ಹಿಟ್ಟಿನ ಬದಲು ನುಚ್ಚು ಬೀಳುತ್ತದೆ. ಅದಕ್ಕೆಂದು ಚಕ್ಕಿ ಸಾಹೇಬ ಗಾಲಿಯ ಕೆಳಗಿನ ತೊಲೆಗೆ ಒಂದು ಸನ್ನೆಕೋಲು ಜೋಡಿಸಿ, ಅದರ ಹಿಡಿಯನ್ನು ಕಲ್ಲಿನ ಪಕ್ಕಕ್ಕೆ ತಂದಿದ್ದ. ಹಿಡಿ ಎತ್ತಿದರೆ ಗಾಲಿ, ಅಚ್ಚು, ಮೇಲುಗಲ್ಲು ಒಟ್ಟಾಗಿ ಏಳುತ್ತಿದ್ದವು, ಸಡಿಲಿಸಿದರೆ ಇಳಿಯುತ್ತಿದ್ದವು. ಆ ಹಿಡಿಯನ್ನು ಅವನು ಒಪ್ಪಿಸಿ ಹೋದದ್ದು ತನ್ನ ಕೈಕೆಳಗೆ ದುಡಿದ ಒಬ್ಬ ಊರವನಿಗೆ. ಅವನು ಜ್ವರದಲ್ಲಿ ಸತ್ತಾಗ ಹಿಡಿ ಅವನ ಹೆಂಡತಿಯ ಕೈಗೆ ಬಂತು. ಅವಳೇ ಬಂಡೆಮ್ಮ. ಉದುರುವ ಹಿಟ್ಟನ್ನು ಹೆಬ್ಬೆರಳಿನಲ್ಲಿ ಒಮ್ಮೆ ಒರೆದು, ಯಾರ ಹೊಲದ ಜೋಳ, ಎಷ್ಟು ಒಣಗಿದೆ, ಕಲ್ಲು ಎಷ್ಟು ಏಳಬೇಕು ಎಂದು ಹೇಳುತ್ತಿದ್ದಳಂತೆ. ಅಮಾವಾಸ್ಯೆಗೊಮ್ಮೆ ನೀರಿಗೆ ಹಲಗೆ ಅಡ್ಡ ಕೊಟ್ಟು, ಕಲ್ಲು ಎತ್ತಿಸಿ, ಸವೆದ ಹಲ್ಲುಗಳನ್ನು ಉಳಿಯಿಂದ ಚುರುಕು ಮಾಡುತ್ತಿದ್ದಳು. ಆ ಕೆಲಸವನ್ನೂ ಓಡುತ್ತಲೇ ಮುಗಿಸಬೇಕಿತ್ತು. ಏಕೆಂದರೆ ಏರಿಯಲ್ಲಿ ಹೆಚ್ಚಿನ ನೀರು ಹೊರಗೆ ಹೋಗಲು ಚಕ್ಕಿ ಸಾಹೇಬ ದಾರಿಯನ್ನೇ ಬಿಟ್ಟಿರಲಿಲ್ಲ. ಹಲಗೆ ಹಾಕಿ ಒಂದು ಜಾವ ಕಳೆದರೆ ನೀರು ಏರಿಯ ನೆತ್ತಿ ಮುಟ್ಟುತ್ತಿತ್ತು. ಏಕೆ ಹೀಗೆ ಎಂದು ಕೇಳಿದವರಿಗೆ ಆ ಪುಣ್ಯಾತ್ಮ, ಇದು ನಿಲ್ಲಿಸಲು ಕಟ್ಟಿದ್ದಲ್ಲ, ನಡೆಸಲು ಕಟ್ಟಿದ್ದು ಎಂದು ಹೇಳಿ ಹೋಗಿದ್ದನಂತೆ.

ಆದರೆ ನಮ್ಮದು ಸೋಮವಾರದ ಸೀಮೆ. ಸೋಮವಾರ ಶಿವನ ದಿನ, ನಂದಿಗೆ ಬಿಡುವು, ಅಂದು ಯಾರೂ ಎತ್ತು ಹೂಡುವುದಿಲ್ಲ. ಚಕ್ಕಿ ಬಂದ ಎರಡನೆಯ ವರ್ಷ ದನಗಳಿಗೆ ಬೇನೆ ಬಂದು ಹನ್ನೊಂದು ಜೋಡಿ ಎತ್ತು ಸತ್ತವು. ಹಿರಿಯರು ಕಟ್ಟೆಯಲ್ಲಿ ಕೂತು ತಲೆ ಕೆರೆದುಕೊಂಡರು. ದುಡಿಯುವುದಕ್ಕೆಲ್ಲ ವಾರಕ್ಕೊಂದು ದಿನ ಬಿಡುವು ಕೊಟ್ಟಿದ್ದೇವೆ. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಆ ಕಲ್ಲಿಗೆ ಮಾತ್ರ ಬಿಡುವಿಲ್ಲ. ನಂದಿ ಮುನಿದದ್ದು ಅದಕ್ಕೇ ಎಂದು ತೀರ್ಮಾನವಾಯಿತು. ಸೋಮವಾರ ಕಲ್ಲು ಬೀಸಬಾರದು ಎಂದು ಊರ ಗೌಡನಾದ ಪಾಟೀಲ ಗುರುಪಾದಪ್ಪ ಕಟ್ಟಳೆ ಹಾಕಿದ. ನೀರು ನಿಲ್ಲಿಸುವಂತಿಲ್ಲ, ಏರಿ ಒಡೆಯುತ್ತದೆ. ಉಳಿದದ್ದು ಒಂದೇ ದಾರಿ: ಹಿಡಿಯಿಂದ ಮೇಲುಗಲ್ಲನ್ನು ಎತ್ತಿ ಹಿಡಿಯುವುದು. ಕಲ್ಲು ಕಲ್ಲಿಗೆ ತಾಗದೆ, ಕಾಳು ಬೀಳದೆ, ಬರಿದೇ ತಿರುಗಲಿ. ಊರು ಅದನ್ನೇ ಕಲ್ಲಿನ ವಿಶ್ರಾಂತಿ ಎಂದು ಕರೆಯಿತು.

ಹೊರೆಯಿಲ್ಲದ ಗಾಲಿ ಹುಚ್ಚೆದ್ದು ತಿರುಗುತ್ತದೆ ಎಂಬುದು ಕಟ್ಟೆಯಲ್ಲಿ ಕೂತವರಿಗೆ ಹೊಳೆಯಲಿಲ್ಲ. ಬುಟ್ಟಿಯ ಕೋಲನ್ನು ಬಿಚ್ಚಿಟ್ಟರೂ ಮನೆಯೆಲ್ಲ ಗಡಗಡ ನಡುಗುತ್ತಿತ್ತು. ಅಚ್ಚು ಹಾದುಹೋಗುವಲ್ಲಿ ಕೂರಿಸಿದ್ದ ಮರದ ಬಳೆ ಕಾದು ಹೊಗೆಯಾಡುತ್ತಿತ್ತು. ಅದಕ್ಕೆ ಗಳಿಗೆಗೊಮ್ಮೆ ಹರಳೆಣ್ಣೆ ಹಿಂಡಬೇಕು. ಹಿಡಿಯ ಕೆಳಗೆ ಬೆಣೆ ಕೊಟ್ಟು ಹೋಗೋಣವೆಂದರೆ ಆ ನಡುಕಕ್ಕೆ ಬೆಣೆ ಜಾರುತ್ತಿತ್ತು. ಬೆಣೆ ಜಾರಿದರೆ ಹುಚ್ಚು ವೇಗದ ಕಲ್ಲು ಕೆಳಗಲ್ಲಿನ ಮೇಲೆ ಬಿದ್ದು ಎರಡೂ ಹೋಳಾಗುತ್ತವೆ. ಹೀಗಾಗಿ ಕಲ್ಲು ವಿಶ್ರಾಂತಿ ಪಡೆಯುವ ದಿನ ಬಂಡೆಮ್ಮ ಬೆಳಗಿನಿಂದ ಬೈಗಿನ ತನಕ, ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಎಣ್ಣೆಬಟ್ಟೆ, ನಿಂತೇ ಇರುತ್ತಿದ್ದಳು. ಉಳಿದ ಆರು ದಿನ ಅವಳು ಒಂದಿಷ್ಟಾದರೂ ಕೂಡುತ್ತಿದ್ದಳೇನೋ. ಸೋಮವಾರ ಒಂದು ಗಳಿಗೆಯೂ ಇಲ್ಲ. ಹನ್ನೊಂದು ವರ್ಷ ಹೀಗೆ ನಡೆಯಿತು. ಆ ಹಿಡಿಯ ನಡುಕ ಅವಳ ಬಲಗೈಗೆ ಇಳಿದು, ಹಿಡಿ ಬಿಟ್ಟಾಗಲೂ ಕೈ ನಡುಗುವಂತಾಯಿತು. ಉಣ್ಣುವಾಗ ತುತ್ತು ನಡುಗುತ್ತಿತ್ತು, ಹಣೆಗೆ ವಿಭೂತಿ ಹಚ್ಚಿದರೆ ಗೆರೆ ಸೊಟ್ಟಗಾಗುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ ಎಂದು ತಿಳಿಯುವುದಿಲ್ಲ. ಎಲ್ಲರೂ ಸತ್ತು ಮಣ್ಣಾಗಿದ್ದಾರೆ.

ಬಂಡೆಮ್ಮನಿಗೆ ಒಬ್ಬಳೇ ಮಗಳು, ನಿಂಬೆಮ್ಮ. ಚೊಚ್ಚಲ ಹೆರಿಗೆಗೆಂದು ಅವಳು ತವರಿಗೆ ಬಂದಿದ್ದಳು. ನೋವು ಕಾಣಿಸಿಕೊಂಡದ್ದು ಒಂದು ಸೋಮವಾರ. ಚಕ್ಕಿಗೂ ಮನೆಗೂ ನಲವತ್ತು ಹೆಜ್ಜೆ. ಸೂಲಗಿತ್ತಿಗೆ ಹೇಳಿಕಳಿಸಿ, ಅವಳು ಬರುತ್ತಾಳೆಂದು ನಂಬಿ ಬಂಡೆಮ್ಮ ಹಿಡಿ ಬಿಡದೆ ನಿಂತಳು. ಗಾಲಿಯ ಆರ್ಭಟದಲ್ಲಿ ಮಗಳ ಕೂಗು ಅವಳಿಗೆ ಮೊದಲು ಕೇಳಲಿಲ್ಲ. ಕೇಳಿದಾಗ ಬೆಣೆ ಗುದ್ದಿ ಓಡಿದಳು. ಸೂಲಗಿತ್ತಿ ಇನ್ನೂ ಬಂದಿರಲಿಲ್ಲ. ಕೂಸು ಬಂದಾಗಿತ್ತು, ಉಸಿರಿರಲಿಲ್ಲ. ಕೊರಳಿಗೆ ಸುತ್ತಿದ್ದ ಹೊಕ್ಕುಳಬಳ್ಳಿಯನ್ನು ಬಿಡಿಸಲು ಆಗ ಒಂದು ಜೋಡಿ ಕೈ ಬೇಕಿತ್ತು, ಅಷ್ಟೇ. ಬಾಣಂತನ ಮುಗಿಸಿ ಗಂಡನ ಊರಿಗೆ ಹೊರಟ ನಿಂಬೆಮ್ಮ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ನಮ್ಮ ಊರಿನ ಮುದುಕಿಯರು ಇಂದಿಗೂ ಹೇಳುತ್ತಾರೆ. “ಯವ್ವಾ, ನಿನ್ನ ಕಲ್ಲಿಗೆ ಒಂದು ಸೋಮಾರ ಅದ. ನನಗಂತ ಒಂದರೆ ಇಟ್ಟಿದ್ದೇನು?” ಅಂದಿನಿಂದ ಬಂಡೆಮ್ಮನ ಕಾಲಿಗೂ ನೆಲೆ ಇಲ್ಲದಂತಾಯಿತು. ಚಕ್ಕಿಯಿಂದ ಏರಿಗೆ, ಏರಿಯಿಂದ ಚಕ್ಕಿಗೆ ಸುಮ್ಮಸುಮ್ಮನೆ ಓಡಾಡುತ್ತಿದ್ದಳು ಎನ್ನುತ್ತಾರೆ.

ಎರಡು ವರ್ಷದ ಮೇಲೆ ನಿಂಬೆಮ್ಮ ಮತ್ತೆ ಬಸಿರಾದಳು. ಈ ಸಲ ತವರಿಗೆ ಬರಲೊಲ್ಲೆ ಎಂದಳು. ಶ್ರಾವಣದ ಒಂದು ಬೆಳಗು, ಬಿಸಿಲು ಆಗಷ್ಟೇ ಏರಿಯ ಮೇಲೆ ಬಿದ್ದಿರುವಾಗ, ಅಳಿಯ ರೇವಪ್ಪ ಮೂರು ಹರದಾರಿ ಓಡಿ ಬಂದು ಚಕ್ಕಿಯ ಬಾಗಿಲು ಹಿಡಿದು ನಿಂತ. ನೋವು ಶುರುವಾಗಿದೆ, ಕೂಸು ಅಡ್ಡ ಇದೆಯಂತೆ, ಸೂಲಗಿತ್ತಿ ಕೈ ಚೆಲ್ಲಿದ್ದಾಳೆ, ನಿಂಬೆಮ್ಮ ಅವ್ವ ಬೇಕು ಎನ್ನುತ್ತಿದ್ದಾಳೆ. ಅಂದೂ ಸೋಮವಾರ. ಬಂಡೆಮ್ಮ ಹಿಡಿ ಬಿಡುವಂತಿರಲಿಲ್ಲ, ಆದ್ದರಿಂದ ಪಾಟೀಲನನ್ನೇ ಅಲ್ಲಿಗೆ ಕರೆಸಿದಳು. ಅವನ ಹಿಂದೆ ಅರ್ಧ ಊರು ಬಂತು. ಹೇಗೂ ಬಿಡುವಿನ ದಿನ, ಯಾರಿಗೂ ಕೆಲಸವಿರಲಿಲ್ಲ.

“ಗೌಡ್ರ, ಮಗಳ ಜೀವ ಹೋಗ್ಲತ್ತದ. ಕಲ್ಲು ಇಳಿಸಿ ಬುಟ್ಟಿತುಂಬ ಜೋಳ ಹಾಕ್ತೀನಿ. ತನ್ನ ಪಾಡಿಗೆ ತಾ ಬೀಸ್ಕೋತ ಇರ್ತದ, ಯಾರೂ ಹಿಡಿಯೋದು ಬ್ಯಾಡ. ನಾ ಹೋಗಿ ಬರ್ತೀನಿ.”

“ಸೋಮಾರ ಕಲ್ಲು ಬೀಸ್ತದಾ? ಹುಚ್ಚಿದ್ದೀಯೇನವ್ವಾ! ಹನ್ನೊಂದು ಜೋಡಿ ಎತ್ತು ಹೋಗಿದ್ದು ಮರ್ತಿಯೇನು?”

“ಹಂಗಾದ್ರ ಯಾರರೆ ಒಬ್ಬರು ಈ ಹಿಡಿ ಹಿಡೀರಿ. ಸಂಜೀತನ.”

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಸೋಮವಾರ ಕೆಲಸ ಮುಟ್ಟುವುದು ಯಾರಿಗೂ ಬೇಡವಾಗಿತ್ತು. ಪಾಟೀಲ ಕೆಟ್ಟವನಲ್ಲ ಎಂದೇ ಹೇಳುತ್ತಾರೆ, ಅಂದು ಅವನ ಕಣ್ಣಲ್ಲೂ ನೀರಿತ್ತಂತೆ. ಆದರೂ ತಲೆಯಾಡಿಸಿದ. “ಸೋಮಾರ ಕೆಲಸ ಹಿಡಿದ್ರ ನಂದಿ ಮೆಚ್ಚತಾನೇನವ್ವಾ?”

“ಮತ್ತ ನಾ ಹನ್ನೊಂದು ವರ್ಷ ಮಾಡಿದ್ದು ಏನು?”

“ನೀ ಬರೇ ನಿಂತಿರ್ತಿ. ಅದೇನು ಕೆಲಸೇನು?”

ಬಂಡೆಮ್ಮ ಅವನ ಮುಖ ನೋಡಿದಳು. “ಬರೇ ನಿಂದ್ರೋದಾದ್ರ ಯಾರರೆ ಬಂದು ನಿಂದರ್ರಿ,” ಎಂದಳು. ಯಾರೂ ಬರಲಿಲ್ಲ. ಆಗ ಅವಳು ಹುಣಸೆ ಕಟ್ಟಿಗೆಯ ಬೆಣೆಯನ್ನು ಹಿಡಿಯ ಕೆಳಗೆ ಕೊಟ್ಟು ಮೂರು ಸಲ ಗುದ್ದಿದಳು. ಸೀರೆಯ ಸೆರಗನ್ನು ಹರಿದು, ಮಡಕೆಯಲ್ಲಿದ್ದ ಹರಳೆಣ್ಣೆಯಲ್ಲಿ ಅದ್ದಿ, ಅಚ್ಚಿನ ಬುಡಕ್ಕೆ ಸುತ್ತಿದಳು. ಬೆಣೆ ಸಡಿಲಾದರೆ ಗುದ್ದಿರಿ, ಹೊಗೆ ಬಂದರೆ ಎಣ್ಣೆ ಹಾಕಿರಿ, ಏನೇ ಆದರೂ ನೀರಿಗೆ ಹಲಗೆ ಹಾಕಬೇಡಿ ಎಂದು ಹೇಳಿ, ಅಳಿಯನ ಹಿಂದೆ ಹರಿದ ಸೀರೆಯಲ್ಲೇ ಓಡಿದಳು. ಹನ್ನೊಂದು ವರ್ಷಗಳಲ್ಲಿ ಆ ಹಿಡಿ ಯಾರ ಕೈಯೂ ಇಲ್ಲದೆ ಹಗಲು ಕಳೆಯಹೊರಟದ್ದು ಅದೇ ಮೊದಲು.

ಉಳಿದವರು ಅಲ್ಲೇ ನಿಂತು ವಾದಿಸತೊಡಗಿದರು. ಬೆಣೆ ಗುದ್ದುವುದು ಕೆಲಸವೋ ಅಲ್ಲವೋ? ಸುತ್ತಿಗೆ ಹಿಡಿದರೆ ಕೆಲಸ, ಕಲ್ಲಿನಿಂದ ಗುದ್ದಿದರೆ ಅಲ್ಲ ಎಂದನೊಬ್ಬ. ಎಣ್ಣೆ ಹಾಕುವುದು ದೀಪಕ್ಕೂ ಉಂಟಲ್ಲ, ಅದು ಸೇವೆ ಎಂದ ಇನ್ನೊಬ್ಬ. ಹಾಗಾದರೆ ನೀನೇ ಹಾಕು ಎಂದರೆ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಜಾರಿದ. ಬಾಯಿ ನಡೆಯುತ್ತಿತ್ತು, ಕೈ ಮಾತ್ರ ಯಾರದೂ ಏಳಲಿಲ್ಲ. ಹೊತ್ತು ನೆತ್ತಿಗೆ ಬರುವ ಮೊದಲೇ ಎಣ್ಣೆ ಆರಿ ಸೆರಗಿನ ಬಟ್ಟೆ ಹೊಗೆಯಾಡತೊಡಗಿತು. ಬೆಣೆ ಇಂಚು ಇಂಚಾಗಿ ಹೊರಗೆ ಸರಿಯುವುದನ್ನು ಎಲ್ಲರೂ ಕಣ್ಣಾರೆ ಕಂಡರು. ಆಗ ಗುರುಪಾದಪ್ಪನಿಗೆ ಒಂದು ದಾರಿ ಹೊಳೆಯಿತು. ನಡೆಸುವುದು ಕೆಲಸ; ನಿಲ್ಲಿಸುವುದು ಕೆಲಸವಲ್ಲ. ನಿಲ್ಲಿಸಿದರೆ ಸೋಮವಾರವನ್ನು ಪಾಲಿಸಿದಂತೆಯೇ ಆಯಿತು! ಎಲ್ಲರಿಗೂ ಎದೆಯ ಭಾರ ಇಳಿದಂತಾಯಿತು. ಪಾಟೀಲ ತಾನೇ ಏರಿ ಹತ್ತಿ, ದೋಣಿಯ ಬಾಯಿಗೆ ಹಲಗೆ ಇಳಿಸಿದ. ಕೆಳಗೆ ಗಾಲಿಯ ಆರ್ಭಟ ಇಳಿಯಿತು. ಆದರೆ ಪೂರ್ತಿ ನಿಲ್ಲುವ ಮೊದಲೇ ಬೆಣೆ ಹಾರಿತು, ಮೇಲುಗಲ್ಲು ಕೆಳಗಲ್ಲಿನ ಮೇಲೆ ಬಿದ್ದು ಕಿಡಿ ಹಾರಿಸಿ ಅಂಚಿನಿಂದ ಸೀಳಿತು. ಎಲ್ಲರೂ ಅಯ್ಯೋ ಎಂದು ಕಲ್ಲಿನ ಸುತ್ತ ಸೇರಿದರು. ಶ್ರಾವಣದ ಝರಿ ಮೈತುಂಬಿ ಬರುತ್ತಿದ್ದುದು ಯಾರಿಗೂ ನೆನಪಾಗಲಿಲ್ಲ. ಹಲಗೆಯ ಹಿಂದೆ ನೀರು ಏರಿ, ಹಿಂದಕ್ಕೆ ಒತ್ತಿ, ಝರಿಯ ಬುಡದ ಹತ್ತಿರ ಮೊರಮಿನ ಏರಿಯನ್ನು ಮಾರುದ್ದ ಕಿತ್ತುಕೊಂಡು ಕೊರಕಲಿಗೆ ನುಗ್ಗಿತು. ಕೂಗುತ್ತ ಓಡಿದರು. ಆಗ ಬುಟ್ಟಿಯಲ್ಲಿ ಮಣ್ಣು ಹೊತ್ತರು, ಕಲ್ಲು ಉರುಳಿಸಿದರು. ಸೋಮವಾರ ಯಾರಿಗೂ ಅಡ್ಡ ಬರಲಿಲ್ಲ. ಬೈಗಾಗುವಷ್ಟರಲ್ಲಿ ನೀರು ಕೆಂಪು ಜೇಡಿಯನ್ನು ಎರಡಾಳು ಆಳ ಕೊರೆದು ತನ್ನ ದಾರಿಯನ್ನು ತಾನೇ ಮಾಡಿಕೊಂಡಿತ್ತು. ಅಷ್ಟು ಕೆಳಗಿಳಿದ ನೀರನ್ನು ಮತ್ತೆ ಕಾಲುವೆಗೆ ಹತ್ತಿಸುವ ಬಡಗಿ ಈ ನಾಡಿಗೆ ಬರಲಿಲ್ಲ.

ಬಂಡೆಮ್ಮ ಮಂಗಳವಾರ ಮಧ್ಯಾಹ್ನ ಬಂದಳು. ಅಡ್ಡವಿದ್ದ ಕೂಸನ್ನು ಹೊಟ್ಟೆಯ ಮೇಲಿನಿಂದಲೇ ನೀವಿ ನೀವಿ ತಿರುಗಿಸಿ, ತನ್ನ ಕೈಯಾರೆ ಬರಮಾಡಿಕೊಂಡಿದ್ದಳು. ಹೆಣ್ಣು ಕೂಸು, ಹುಟ್ಟುತ್ತಲೇ ಅತ್ತಿತ್ತು. ಅಜ್ಜಿಯ ನಡುಗುವ ಬಲಗೈಗೆ ಹಾಕಿದ ಕೂಡಲೇ ತೊಟ್ಟಿಲಲ್ಲಿ ಹಾಕಿದಂತೆ ನಿದ್ದೆ ಹೋಯಿತಂತೆ. ನಿಂಬೆಮ್ಮ ಅದನ್ನು ನೋಡಿ ನಕ್ಕಳಂತೆ. ಆ ನಗುವನ್ನು ಎದೆಯಲ್ಲಿ ಹೊತ್ತುಕೊಂಡು ದಿನ್ನೆ ಇಳಿಯುತ್ತಿದ್ದವಳಿಗೆ ನೀರಿನ ಸದ್ದು ಬೇರೆ ದಿಕ್ಕಿನಿಂದ ಕೇಳಿತು. ಅವಳಿಗೆ ಅಲ್ಲೇ ಎಲ್ಲವೂ ತಿಳಿಯಿತು. ಚಕ್ಕಿಗೆ ಹೋಗಿ ಸೀಳಿದ ಕಲ್ಲಿನ ಮೇಲೆ ಕೈಯಾಡಿಸಿದಳು. ಹೊರಗೆ ಬಂದು ಒಣಗುತ್ತಿದ್ದ ಏರಿಯ ಮೇಲೆ ಕಾಲು ಚಾಚಿ ಕೂತಳು. ಅವಳು ಹಾಗೆ ಕೂತದ್ದನ್ನು ಊರು ಅಂದೇ ಮೊದಲು ನೋಡಿತು. ಪಾಟೀಲ ಬಂದು, “ನೀ ಹೋದಿ ಬಂಡೆಮ್ಮ, ಊರ ಹಿಟ್ಟು ಹೋಯ್ತು,” ಎಂದ. “ನಾ ಹೋಗಲಾರದೆ ನಿಂತಿದ್ರ ನನ್ನ ಮಗಳು ಹೋಗ್ತಿದ್ದಳ್ರಿ ಗೌಡ್ರ,” ಎಂದಳು ಅವಳು. ಅಂದಿನಿಂದ ಅವಳು ಕೂರುವ ಜಾಗ ಅದೇ ಆಯಿತು. ಮಡಿಲಲ್ಲಿ ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು.

ಅಟ್ಟದ ಮೇಲಿದ್ದ ಬೀಸುವ ಕಲ್ಲುಗಳು ಮನೆಮನೆಯಲ್ಲೂ ಕೆಳಗಿಳಿದವು. ಹದಿಮೂರು ವರ್ಷ ಬೀಸದ ಕೈಗಳಿಗೆ ಒಂದು ವಾರದಲ್ಲಿ ಬೊಬ್ಬೆ ಎದ್ದು ಒಡೆದವು. ಮುಂದಿನ ಸೋಮವಾರ ಬೆಳಗ್ಗೆ ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿದ್ದವು. ಪಾಟೀಲನ ಹೆಂಡತಿ ಕಲ್ಲಿನ ಮುಂದೆ ಕೂಡಹೋದವಳು ಎತ್ತುಗಳನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು, ಎದ್ದಳು. ನೇರವಾಗಿ ಏರಿಗೆ ಬಂದು ಬಂಡೆಮ್ಮನ ಪಕ್ಕದಲ್ಲಿ ಕೂತಳು. ಅವಳನ್ನು ಕಂಡು ಇನ್ನೊಬ್ಬಳು, ಅವಳನ್ನು ಕಂಡು ಮತ್ತೊಬ್ಬಳು. ಹೊತ್ತೇರಿದರೂ ಊರಿನ ಒಂದು ಒಲೆಯೂ ಹೊಗೆಯಾಡಲಿಲ್ಲ. ಮಕ್ಕಳು ಹಸಿವಿನಿಂದ ಅಳತೊಡಗಿದಾಗ ಗುರುಪಾದಪ್ಪ ಬಾಗಿಲು ಮುಚ್ಚಿಕೊಂಡು ಬೀಸುವ ಕಲ್ಲಿನ ಮುಂದೆ ಕೂತ. ಮೊದಲು ಅದನ್ನು ತಿರುಗಮುರುಗ ಬೀಸಿದನಂತೆ. ಗೂಟ ಕಿತ್ತು ಕೈಗೆ ಬಂತಂತೆ. ನಮ್ಮ ಊರಿನ ಹೆಂಗಸರು ಈ ಭಾಗ ಹೇಳುವಾಗ ಸ್ವಲ್ಪ ಉಪ್ಪುಖಾರ ಸೇರಿಸುತ್ತಾರೆಂದು ನನ್ನ ಗುಮಾನಿ. ಬೈಗಿನ ಹೊತ್ತಿಗೆ ಅವನು ತಲೆ ತಗ್ಗಿಸಿ ಏರಿಗೆ ಬಂದ. ಅಂಗೈಗೆ ಬಟ್ಟೆ ಸುತ್ತಿತ್ತು. ಕೈಯಲ್ಲಿ ಒಂದು ರೊಟ್ಟಿ, ಒಂದು ಕಡೆ ಕರಿ, ಒಂದು ಕಡೆ ಹಸಿ. ಅದನ್ನು ಬಂಡೆಮ್ಮನ ಮುಂದೆ ಇಟ್ಟು ನಿಂತ. ಬಂಡೆಮ್ಮ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. “ನುಚ್ಚಾಗ್ಯಾದ್ರಿ ಗೌಡ್ರ,” ಎಂದಳು. “ಕಲ್ಲು ಇನ್ನಷ್ಟು ಇಳೀಬೇಕಿತ್ತು.”

ಆಮೇಲೆ ಅವಳು ಮೊಮ್ಮಗಳ ಊರಿಗೆ ಹೋದಳು ಎಂದು ಕೆಲವರು, ಅದೇ ಏರಿಯ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದಳು ಎಂದು ಕೆಲವರು ಹೇಳುತ್ತಾರೆ. ಅವಳಿಗೆ ಗುಡಿ ಕಟ್ಟಿಲ್ಲ. ಸೀಳಿದ ಕಲ್ಲಿನ ಮೇಲೆ ಅಂಗೈ ಇಟ್ಟರೆ ಇಂದಿಗೂ ನಡುಕ ತಿಳಿಯುತ್ತದೆ ಎನ್ನುತ್ತಾರೆ. ನನಗೂ ತಿಳಿದಿದೆ, ಆದರೆ ನನಗೆ ಎಪ್ಪತ್ತಾರಾಯಿತು. ನಡುಗಿದ್ದು ಕಲ್ಲೋ ಕೈಯೋ ಆಣೆಯಿಟ್ಟು ಹೇಳಲಾರೆ. ನೋಡಬೇಕೆನ್ನುವವರು ಸೋಮವಾರವೇ ಬನ್ನಿ. ಅಂದು ಕೆಂಚಕುಂಟಾದಲ್ಲಿ ರೊಟ್ಟಿ ಬಡಿಯುವ ಸದ್ದು ತಡವರಿಸುತ್ತಿರುತ್ತದೆ, ಬಡಿಯುವವರು ಗಂಡಸರು. ನಾನೂ ಐವತ್ತು ವರ್ಷದಿಂದ ಬಡಿಯುತ್ತಿದ್ದೇನೆ, ಒಂದೂ ಗುಂಡಗಾಗಿಲ್ಲ. ಒಣಗಿದ ಏರಿಯ ಮೇಲೆ ಊರಿನ ಹೆಂಗಸರು ಕಾಲು ಚಾಚಿ ಸಾಲಾಗಿ ಕೂತಿರುತ್ತಾರೆ. ಕೂತು ರೂಢಿಯಿಲ್ಲದ ಮೈ, ಸುಮ್ಮನಿರುವುದಿಲ್ಲ. ಒಬ್ಬಳು ಹುಲ್ಲುಕಡ್ಡಿ ಮುರಿಯುತ್ತಾಳೆ, ಒಬ್ಬಳು ಕಾಲ್ಬೆರಳು ಆಡಿಸುತ್ತಾಳೆ, ಒಬ್ಬಳು ಏಳಹೋದರೆ ಪಕ್ಕದವಳು ಸೆರಗು ಜಗ್ಗಿ ಕೂಡಿಸುತ್ತಾಳೆ. ಇದೇನು ವ್ರತವೇ, ಹರಕೆಯೇ ಎಂದು ಹೊರಗಿನವರು ಕೇಳುತ್ತಾರೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಳುತ್ತಾರೆ:

“ಏನಿಲ್ರಿ. ಬರೇ ಕುಂತೀವಿ.”